ಶೇಖರಮ್ಮನ ಒಣ ಅಳು

ಅಳವಂಡಿಯ ದೊಡ್ಡಬಸಪ್ಪನ ಮನೆಗೆ ಕಿನ್ನಾಳದಿಂದ ಸೊಸೆಯಾಗಿ ಬಂದ ಶೇಖರಮ್ಮನಿಗೆ ದೇವರು ಒಂದು ವಿದ್ಯೆ ಕೊಟ್ಟಿದ್ದ. ಯಾರನ್ನಾದರೂ ಒಮ್ಮೆ ನೋಡಿದರೆ ಸಾಕು, ಅವರ ನಡಿಗೆ, ಅವರ ಕೆಮ್ಮು, ಅವರು ಮೂಗು ಸೀಟುವ ಬಗೆ ಎಲ್ಲವೂ ಬಂದು ಅವಳ ಮೈಯೊಳಗೆ ಕೂತುಬಿಡುತ್ತಿತ್ತು. ಕೊಡುವಾಗ ಆ ದೇವರು, ಇದನ್ನು ಹೆಣ್ಣಿಗೆ ಕೊಡುತ್ತಿದ್ದೇನೆ, ಅದರಲ್ಲೂ ದೊಡ್ಡಬಸಪ್ಪನ ಮನೆ ಸೇರುವ ಹೆಣ್ಣಿಗೆ ಕೊಡುತ್ತಿದ್ದೇನೆ ಎಂದು ವಿಚಾರ ಮಾಡಲಿಲ್ಲ. ಅವನಿಗೂ ಒಮ್ಮೊಮ್ಮೆ ಬುದ್ಧಿ ನೆಟ್ಟಗಿರುವುದಿಲ್ಲ.

ತವರಿನಲ್ಲಿ ಅದರಿಂದ ಅವಳಿಗೆ ಕೇಡೇನೂ ಆಗಿರಲಿಲ್ಲ. ಗೊಂಬೆ ಮಾಡುವ ಚಿತ್ರಗಾರರ ಓಣಿಯ ಮುದುಕನೊಬ್ಬ ಒಂದು ಕಣ್ಣು ಮುಚ್ಚಿ, ನಾಲಿಗೆಯ ತುದಿ ಹೊರಗೆ ಚಾಚಿ, ಗೊಂಬೆಗೆ ಹುಬ್ಬು ಬರೆಯುತ್ತಿದ್ದ. ಹುಡುಗಿ ಅದನ್ನು ಅವನೆದುರಿಗೇ ಮಾಡಿ ತೋರಿಸಿದಾಗ ಮುದುಕ ಕುಂಚ ಕೆಳಗಿಟ್ಟು ಮನಸಾರೆ ನಕ್ಕು, ಅವಳ ಕೈಗೆ ಒಂದು ಕಟ್ಟಿಗೆಯ ಗಿಳಿ ಕೊಟ್ಟಿದ್ದ. ಗಂಡನ ಮನೆಗೆ ಬರುವಾಗ ಸೀರೆಯ ಗಂಟಿನಲ್ಲಿ ಆ ಗಿಳಿಯೂ ಬಂತು. ಬಂಡಿ ಹತ್ತಿಸುವಾಗ ತಾಯಿ ಕಿವಿಯಲ್ಲಿ ಹೇಳಿದ್ದಳು: "ಬಾಯಿ ಹೊಲಕೊಂಡು ಬಾಳೇ ಮಾಡವಾ. ಅವರು ನಕ್ಕಾಗ ನೀ ನಗಬ್ಯಾಡ, ಅವರನ್ನ ನಗಸಾಕಂತೂ ಹೋಗಬ್ಯಾಡ."

ಹೊಲಿದುಕೊಂಡ ಬಾಯಿ ನಸುಕಿನಲ್ಲಿ ಮಾತ್ರ ಬಿಚ್ಚುತ್ತಿತ್ತು, ಬೀಸುವ ಕಲ್ಲಿನ ಮುಂದೆ. ಪಕ್ಕದ ಮನೆಯ ವಿಧವೆ ಕನಕಮ್ಮ ಕಲ್ಲಿಗೆ ಇನ್ನೊಂದು ಕೈ ಹಚ್ಚಲು ಬರುತ್ತಿದ್ದಳು. ಬಳೆ ಮಾರುವ ಇಮಾಮಬೀ ಊರು ತಿರುಗಲು ಹೊರಡುವ ಮುನ್ನ ಹಿತ್ತಿಲ ಬಾಗಿಲಲ್ಲಿ ಬುಟ್ಟಿ ಇಳಿಸಿ, ಹೊಸ್ತಿಲಿಗೆ ಆತು ಕೂರುತ್ತಿದ್ದಳು. ಜೋಳ ಹಿಟ್ಟಾಗುವುದರೊಳಗೆ ಇಡೀ ಊರು ಅಲ್ಲಿ ಬಂದು ಹೋಗುತ್ತಿತ್ತು.

ಎಲ್ಲಕ್ಕಿಂತ ಅವರು ಕೇಳಿ ಮಾಡಿಸಿಕೊಳ್ಳುತ್ತಿದ್ದುದು ಅಳುವನ್ನು. ಸತ್ತವರ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳಬೇಕು, ಆ ಸೀಮೆಯ ರೀತಿಯೇ ಹಾಗೆ. ಒಬ್ಬೊಬ್ಬಳದು ಒಂದೊಂದು ಧಾಟಿ. ಅತ್ತೆ ವಿರೂಪಾಕ್ಷಮ್ಮ ಓಣಿಯ ತುದಿಯಿಂದಲೇ "ಯಾಕ ಹೋದ್ಯೋ ನನ್ನ ದೊರಿಯೇ" ಎಂದು ಎತ್ತಿಕೊಂಡು ಬಂದು, ಹೊಸ್ತಿಲಲ್ಲಿ ತಟ್ಟನೆ ನಿಂತು, ಕೂರುವುದಕ್ಕೆ ಒಳ್ಳೆಯ ಜಾಗ ಎಲ್ಲಿದೆ ಎಂದು ಕಣ್ಣಾಡಿಸಿ, ಕೂತ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು. ಸಾಲಿನ ಕೊನೆಗೆ ಒಂದು ಬಿಕ್ಕಳಿಕೆ ತಪ್ಪುತ್ತಿರಲಿಲ್ಲ. ಕನಕಮ್ಮನದು ಬೇರೆ. ಸತ್ತವರು ತನ್ನ ಮನೆಯಲ್ಲಿ ಏನೇನು ಉಂಡಿದ್ದರು ಎಂಬುದನ್ನೆಲ್ಲ ಹಾಡಿ, "ಇನ್ನ ಯಾರಿಗೆ ಹೋಳಿಗಿ ಬಡಸಲೋ" ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಶೇಖರಮ್ಮ ಅದನ್ನು ಮಾಡಿ ತೋರಿಸಿದರೆ ಸ್ವತಃ ಕನಕಮ್ಮನೇ ಕಲ್ಲಿನ ಗೂಟ ಬಿಟ್ಟು ನೆಲಕ್ಕೆ ಉರುಳಿ ನಗುತ್ತಿದ್ದಳು. ಇಮಾಮಬೀ ಸೆರಗು ಬಾಯಿಗೆ ತುರುಕಿಕೊಂಡು, "ಸಾಕ ಮಾಡವಾ ತಾಯಿ, ಬಳಿ ಒಡದಾವು" ಎನ್ನುತ್ತಿದ್ದಳು.

ಇದನ್ನು ಇನ್ನೊಂದು ಜೊತೆ ಕಿವಿಯೂ ಕೇಳುತ್ತಿತ್ತು. ದೊಡ್ಡಬಸಪ್ಪನ ಕಿರಿಯ ಮಗ ಈಶಪ್ಪ ಗೋಡೆಯ ಆಚೆ ದನದ ಅಂಕಣದ ಪಕ್ಕ ಮಲಗುತ್ತಿದ್ದ. ಕೆಟ್ಟ ಹುಡುಗನಲ್ಲ, ಅತ್ತಿಗೆಯನ್ನು ಕಂಡರೆ ಅವನಿಗೆ ಪ್ರೀತಿಯೇ. ಕೇಳಿದ್ದನ್ನು ಕೇಳಿದ ಹಾಗೆ ಕಲಿತ. ಹೋಳಿ ಹುಣ್ಣಿಮೆಯ ಮರುದಿನ ಬಣ್ಣದಾಟ ಆಡುವಾಗ ಅಳವಂಡಿಯ ಗಂಡಸರು ಒಂದು ಸೋಗಿನ ಹೆಣ ಹೊರಡಿಸುತ್ತಾರೆ. ಬದುಕಿರುವವನನ್ನೇ ಚಟ್ಟದ ಮೇಲೆ ಮಲಗಿಸಿ, ಹಲಗೆ ಬಾರಿಸುತ್ತ ಓಣಿ ಓಣಿ ತಿರುಗುವುದು. ಒಬ್ಬ ಗಂಡಸು ಸೀರೆ ಉಟ್ಟು ಹೆಣದ ಹೆಂಡತಿಯಾಗಿ ಅಳುವುದು, ಊರು ಬಿದ್ದು ಬಿದ್ದು ನಗುವುದು. ಆ ವರ್ಷ ಈಶಪ್ಪ ಅವ್ವನ ಸೀರೆಯನ್ನೇ ಉಟ್ಟು ಅವ್ವನ ಹಾಗೆಯೇ ಹೊಸ್ತಿಲಲ್ಲಿ ನಿಂತು ಜಾಗ ನೋಡಿ ಅತ್ತ. ಮಾಳಿಗೆಯ ಮೇಲೆ ಕೂತ ವಿರೂಪಾಕ್ಷಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊಡ್ಡಬಸಪ್ಪ ಮಗನಿಗೆ ರುಮಾಲು ಸುತ್ತಿಸಿ, "ನಮ್ಮ ವಂಶದಾಗ ಇಂಥಾ ಕಲಾವಂತ ಹುಟ್ಟಿದ್ದಿಲ್ಲ" ಎಂದ.

ಶೇಖರಮ್ಮ ಮಾಳಿಗೆಯ ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಸಿಟ್ಟು ಬರಲಿಲ್ಲ. ತನ್ನದಕ್ಕೆ ಊರು ನಕ್ಕಿತಲ್ಲ ಎಂದು ಹಿಗ್ಗಾಯಿತು.

ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಯುಗಾದಿ ಮುಗಿದ ಕೂಡಲೇ ಕಂದಾಯದ ಗಿರದಾವರ ಬಂದಾಗ ದೊಡ್ಡಬಸಪ್ಪ ನಡು ಬಗ್ಗಿಸಿ, "ಜೀ ಹುಜೂರ್, ಜೀ ಹುಜೂರ್" ಎನ್ನುತ್ತ ಕುದುರೆಯ ಹಿಂದೆ ಹಿಂದೆ ಓಡಿದ್ದ. ಮರುದಿನ ನಸುಕಿನಲ್ಲಿ ಅದು ಬೀಸುವ ಕಲ್ಲಿನ ಮುಂದೆ ಬಂತು, ಇಮಾಮಬೀಯ ಬುಟ್ಟಿಯ ಜೊತೆ ಊರು ಸುತ್ತಿತು. ಯಾರೋ ಕಟ್ಟೆಯ ಮೇಲೆ ಶೇಖರಮ್ಮನ ಗಂಡ ಹಂಪಣ್ಣನಿಗೆ, "ನಿನ್ನ ಹೆಂಡ್ತಿ ನಿಮ್ಮಪ್ಪನ್ನ ಕುದರಿ ಹಿಂದ ಓಡಿಸ್ತಾಳಂತಲ್ಲೋ" ಎಂದರು. ಹಂಪಣ್ಣ ಮನೆಗೆ ಬಂದು ಎತ್ತಿನ ಬಾರಕೋಲು ತೆಗೆದುಕೊಂಡ. ಅವಳು ಹೊಡೆಸಿಕೊಂಡದ್ದು ಹಿತ್ತಿಲಲ್ಲಿ. ಅತ್ತೆ ಬಾಗಿಲು ಮುಂದಕ್ಕೆ ಎಳೆದು, "ಮಕಕ್ಕ ಬೀಳದಂಗ ಹೊಡಿ, ನಾಳೆ ನಾಕ ಮಂದಿ ನೋಡ್ತಾರ" ಎಂದಳು.

ಅದೇ ಸಂಜೆ ಪಡಸಾಲೆಯಲ್ಲಿ ಈಶಪ್ಪ ಅದೇ ಗಿರದಾವರನನ್ನೂ, ಅದೇ ಕುದುರೆಯನ್ನೂ, ಅದರ ಹಿಂದೆ ಓಡುವ ಅಪ್ಪನನ್ನೂ ಮಾಡಿ ತೋರಿಸಿದ. ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಒಳಗೆ ಕೂತವಳಿಗೆ ಮಾವನ ನಗೆ ಕೇಳಿಸಿತು. ನಗುತ್ತ ನಗುತ್ತ ಕೆಮ್ಮು ಬಂದು ಅವನು ನೀರು ಕೇಳಿದ. ನೀರು ಒಯ್ದು ಕೊಟ್ಟವಳೂ ಅವಳೇ.

ಮಗಳು ಪಂಪಿ ಹುಟ್ಟಿದ ಮೇಲೆ ಶೇಖರಮ್ಮನಿಗೆ ಬೇರೆ ಭಯ ಹಿಡಿಯಿತು. ಮೂರು ವರ್ಷದ ಕೂಸು ಒಂದು ದಿನ ಅಜ್ಜನ ಹಾಗೆ ಕೈ ಬೆನ್ನಿಗೆ ಕಟ್ಟಿ, ಗಂಟಲು ಕೆರೆದು, ಅಂಗಳದ ಮೂಲೆಗೆ ಹೋಗಿ ಉಗುಳಿತು. ಉಗುಳಿದ್ದನ್ನು ಕಾಲಿನಿಂದ ಮಣ್ಣು ಎಳೆದು ಮುಚ್ಚುವುದನ್ನೂ ಬಿಡಲಿಲ್ಲ. ಶೇಖರಮ್ಮ ಓಡಿ ಹೋಗಿ ಮಗಳ ಬಾಯಿ ಎಷ್ಟು ಗಟ್ಟಿಯಾಗಿ ಮುಚ್ಚಿದಳೆಂದರೆ ಕೂಸಿನ ತುಟಿ ಹಲ್ಲಿಗೆ ತಾಗಿ ರಕ್ತ ಬಂತು. "ಬ್ಯಾಡ ನನ್ನವ್ವಾ, ಬ್ಯಾಡ. ಇದು ನನಗ ಮುಗೀಲಿ" ಎಂದು ಕೂಸನ್ನು ಅವುಚಿಕೊಂಡು ಅತ್ತಳು. ಈ ವಿದ್ಯೆ ಮಗಳ ಬೆನ್ನಿಗೆ ಬಾರಕೋಲು ತರಬಾರದು, ಅದೊಂದೇ ಅವಳಿಗೆ ಬೇಕಾಗಿದ್ದುದು. ತಾನು ಬಿಟ್ಟರೆ ಕೂಸೂ ಮರೆತೀತು ಎಂದು ಅವತ್ತಿನಿಂದ ಬಿಟ್ಟೇ ಬಿಟ್ಟಳು. ನಸುಕಿನಲ್ಲಿ ಕಲ್ಲು ಒಂದೇ ಸಪ್ಪಳ ಮಾಡುತ್ತಿತ್ತು. ಕನಕಮ್ಮ ಕೆಲವು ದಿನ ಕಾದು, "ಶೇಖರಮ್ಮಗ ಈಗ ಸೊಕ್ಕ ಬಂದೈತಿ, ನಮ್ಮಂಥಾವರ ಮುಂದ ಬಾಯಿ ಬಿಡೂದಿಲ್ಲ" ಎಂದು ನೀರಿನ ಬಾವಿಯ ಹತ್ತಿರ ಆಡಿದಳು.

ಪಂಪಿ ಕಾಯಿಲೆ ಬಿದ್ದದ್ದು ಮುಂದಿನ ವರ್ಷ, ಹೋಳಿ ಹತ್ತಿರ ಬಂದಾಗ. ಮೊದಲು ಜ್ವರ, ಆಮೇಲೆ ದನಿ ಕಟ್ಟಿತು, ಆಮೇಲೆ ಉಸಿರಿಗೆ ಬಂತು. ಅತ್ತೆ ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿ, ಕರಿ ದಾರ ಕಟ್ಟಿ, "ದೃಷ್ಟಿ ಆಗೇತಿ, ಇಳೀತೈತಿ" ಎಂದು ಹೇಳಿ ಹೊರಗೆ ಹೋದಳು. ಕಿನ್ನಾಳದಲ್ಲಿ ತನ್ನ ತಮ್ಮನೊಬ್ಬ ಗಂಟಲಮಾರಿಯಿಂದ ಹೋದದ್ದನ್ನು ಶೇಖರಮ್ಮ ಕಂಡಿದ್ದಳು. ಮಧ್ಯಾಹ್ನ ಸೆರಗು ಹೊದ್ದು ಪಡಸಾಲೆಯ ಬಾಗಿಲಿಗೆ ಬಂದು ನಿಂತಳು. ಅಲ್ಲಿ ದೊಡ್ಡಬಸಪ್ಪ, ಈಶಪ್ಪ, ಅವನ ಗೆಳೆಯ ದೇವೇಂದ್ರಪ್ಪ ಸೇರಿ ಈ ಸಲದ ಸೋಗಿಗೆ ಹೆಣ ಯಾರಾಗಬೇಕು ಎಂದು ಮಾತಾಡುತ್ತಿದ್ದರು. ಹಂಪಣ್ಣ ಅಂಗಳದಲ್ಲಿ ಎತ್ತುಗಳಿಗೆ ಮೇವು ಹಾಕುತ್ತಿದ್ದ.

"ಮಾವಾರ, ಕೂಸಿಗೆ ಉಸಿರು ತಗೊಳಾಕ ಆಗವಲ್ದು. ಬಂಡಿ ಹೂಡಸ್ರಿ. ಕೊಪ್ಪಳದ ದವಾಖಾನಿಗೆ ಒಯ್ಯೂಣು."

"ನೆಗಡಿಗೆ ಕೊಪ್ಪಳಕ್ಕ ಹೋಗ್ತಾರೇನು? ನಿಮ್ಮತ್ತಿ ಹೊಗಿ ಹಾಕ್ಯಾಳಲ್ಲ."

"ನೆಗಡಿ ಅಲ್ರಿ. ಗಂಟಲಮಾರಿ ಇದ್ದಂಗ ಐತ್ರಿ. ಉಸಿರಿನ ಸಪ್ಪಳನ ಬ್ಯಾರೆ ಐತಿ."

"ಹೆಂಗ ಐತಿ ಸಪ್ಪಳ?" ಎಂದ ದೊಡ್ಡಬಸಪ್ಪ.

ಕೇಳಿದವನು ಅವನು. ಮಾವನ ಮುಂದೆ ನಾಲ್ಕು ಮಾತು ಜೋಡಿಸಿ ಆಡಿ ರೂಢಿಯಿಲ್ಲದ ಹೆಂಗಸಿಗೆ ಬೇರೆ ದಾರಿ ಹೊಳೆಯಲಿಲ್ಲ. ತನಗೆ ಬರುತ್ತಿದ್ದ ರೀತಿಯಲ್ಲಿ ಹೇಳಿದಳು. ಕತ್ತು ಮುಂದೆ ಚಾಚಿ, ಎದೆಯ ಗುಂಡಿ ಒಳಕ್ಕೆ ಎಳೆದು, ಬಾಯಿ ತೆರೆದು ಉಸಿರು ತೆಗೆದುಕೊಂಡಳು. ಕರಕರ ಎಂದು ಒಣ ಸಪ್ಪಳ ಒಳಗೆ ಹೋಯಿತು, ತುದಿಯಲ್ಲಿ ಒಂದು ಸಣ್ಣ ಸಿಳ್ಳು ಬಂತು, ಆಮೇಲೆ ಏನೂ ಇಲ್ಲ. ಕಣ್ಣು ಮೇಲಕ್ಕೆ ಹೋದವು. ಮತ್ತೆ ಕರಕರ. ಒಳಗೆ ಕೂಸು ಪಡುತ್ತಿದ್ದ ಕಷ್ಟಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ದೇವೇಂದ್ರಪ್ಪನಿಗೆ ನಗೆ ತಡೆಯಲಾಗಲಿಲ್ಲ. "ಅಬಾಬಾಬಾ! ಈಶಪ್ಪಾ, ಈ ವರ್ಷ ಹೆಣದ ಚಿಂತಿ ಬಿಡಪಾ, ನಿಮ್ಮ ಮನ್ಯಾಗ ಐತಲ್ಲ!" ಈಶಪ್ಪನೂ ನಕ್ಕ. ದೊಡ್ಡಬಸಪ್ಪನ ಮೀಸೆ ಕೂಡ ಒಂದಿಷ್ಟು ಅಲುಗಿತು. ಅಲುಗಿತಲ್ಲ ಎಂಬುದಕ್ಕೇ ಅವನಿಗೆ ಸಿಟ್ಟು ಬಂತು. "ಹಿರೇರ ಮುಂದ ಸೆರಗು ಹೊದ್ದು ಬಂದು ಸೋಗು ಹಾಕ್ತಿಯೇನಬೇ?"

"ಸೋಗಲ್ರಿ ಮಾವಾರ, ಖರೇನ ಐತ್ರಿ. ಬಂದು ನೋಡ್ರಿ, ನಿಮ್ಮ ಕಾಲಿಗೆ ಬೀಳ್ತೀನ್ರಿ." ಬಿದ್ದಳು. ದೇವೇಂದ್ರಪ್ಪ ಇನ್ನಷ್ಟು ನಕ್ಕ. ಅವಳು ಎಷ್ಟು ಬೇಡಿಕೊಂಡಳೋ ಅಷ್ಟೂ ಚೆನ್ನಾಗಿ ಸೋಗು ಹಾಕುತ್ತಾಳೆ ಎಂದೇ ಅವನಿಗೆ ಕಂಡಿತು.

ಅಂಗಳದಿಂದ ಹಂಪಣ್ಣ ಕೂಗಿದ: "ಹೊಟ್ಟೀಲೆ ಹುಟ್ಟಿದ ಕೂಸನ್ನೂ ಬಿಡಲಿಲ್ಲಲ್ಲ ನೀ! ಒಳಗ ನಡಿ!"

ಹಿಂದಿನ ವರ್ಷದ ಹೋಳಿಯಲ್ಲಿ ಸೀರೆ ಉಟ್ಟು ಅಳುತ್ತಿದ್ದ ಈಶಪ್ಪನಿಗೆ ನಡು ಓಣಿಯಲ್ಲೇ ಹೊಟ್ಟೆ ಕಿವುಚಿ ಬಂದಿತ್ತು. ಅವನು ಹೊಟ್ಟೆ ಹಿಡಿದು ಕೂತ ಕೂಡಲೇ ಹಲಗೆ ನಿಂತಿತು. ಸೋಗು ಎಂದು ಒಬ್ಬನೂ ಅನ್ನಲಿಲ್ಲ. ಉಟ್ಟ ಸೀರೆಯಲ್ಲೇ ಅವನನ್ನು ಬಂಡಿಯಲ್ಲಿ ಹಾಕಿಕೊಂಡು ಇದೇ ಹಂಪಣ್ಣ ಕೊಪ್ಪಳಕ್ಕೆ ಎತ್ತು ಓಡಿಸಿದ್ದ. ಊರ ತುಂಬ ನಗಿಸುವ ಗಂಡಸಿಗೆ ಹೊಟ್ಟೆ ನೋವು ಬರಬಹುದು ಎಂದು ಅಳವಂಡಿಗೆ ಗೊತ್ತಿತ್ತು.

ಹೊತ್ತು ಇಳಿದ ಮೇಲೆ ಹಂಪಣ್ಣ ನೀರು ಕುಡಿಯಲು ಒಳಗೆ ಬಂದ. ನಡುಮನೆಯಿಂದ ಆ ಕರಕರ ಸಪ್ಪಳ ಬರುತ್ತಿತ್ತು. "ಇನ್ನೂ ಮುಗೀಲಿಲ್ಲೇನ ನಿಂದು?" ಎನ್ನುತ್ತ ಕೈ ಎತ್ತಿಕೊಂಡೇ ಹೋದ. ಶೇಖರಮ್ಮ ಗೋಡೆಗೆ ಆತು ಕೂತಿದ್ದಳು. ಅವಳ ಬಾಯಿ ಮುಚ್ಚಿತ್ತು. ಸಪ್ಪಳ ಬರುತ್ತಲೇ ಇತ್ತು.

ಆಗ ಬಂಡಿ ಹೂಡಿದ. ಎತ್ತುಗಳನ್ನು ಹೊಡೆದ ಹೊಡೆತಕ್ಕೆ ಬಾರಕೋಲು ಮುರಿಯಿತು. ಕೊಪ್ಪಳದ ಕೋಟೆಯ ಗುಡ್ಡ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ತಾಯಿಯ ತೊಡೆಯ ಮೇಲೆ ಸಪ್ಪಳ ನಿಂತಿತು. ಹಂಪಣ್ಣ ಬಂಡಿ ತಿರುಗಿಸಿದ.

ಮರುದಿನ ಮುಂಜಾನೆ ಕೂಸಿನ ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿ, ಮಡಿಲಲ್ಲಿ ಆ ಕಟ್ಟಿಗೆಯ ಗಿಳಿ ಇಟ್ಟಿದ್ದರು. ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ತಾಯಿ ಮೊದಲು ಅಳಬೇಕು, ಉಳಿದವರು ಆಮೇಲೆ ದನಿ ಕೂಡಿಸಬೇಕು. ಎಲ್ಲರೂ ಶೇಖರಮ್ಮನ ಮುಖ ನೋಡಿದರು. ಅವಳು ಬಾಯಿ ತೆರೆದಳು. "ಯಾಕ ಹೋದ್ಯೇ ನನ್ನ..." ಎಂದು ದನಿ ಏರಿತು, ಸಾಲಿನ ಕೊನೆಗೆ ಬಿಕ್ಕಳಿಕೆ ಬಂತು. ಅದು ವಿರೂಪಾಕ್ಷಮ್ಮನ ಅಳು. ಅವಳಿಗೇ ತಿಳಿಯಿತು, ಅದನ್ನು ನುಂಗಿ ಬೇರೆ ಎತ್ತಿದಳು. "ಇನ್ನ ಯಾರಿಗೆ ಬಡಸಲೇ..." ಎಂದು ಬಂತು, ಕೈ ತಾನಾಗಿಯೇ ಕನಕಮ್ಮನ ಹಾಗೆ ಎದೆಗೆ ಬಿತ್ತು. ಇಷ್ಟು ವರ್ಷ ಎಲ್ಲರ ಅಳುವನ್ನೂ ಗಂಟಲಲ್ಲಿ ಕೂರಿಸಿಕೊಂಡವಳಿಗೆ, ತನ್ನದೆಂಬ ಅಳು ಎಲ್ಲಿದೆ ಎಂದು ಹುಡುಕಿದರೂ ಸಿಗಲಿಲ್ಲ.

ಮೊದಲು ನಕ್ಕವಳು ಇಮಾಮಬೀ. ಅವಳು ಬೇಕೆಂದು ನಗಲಿಲ್ಲ, ಅದು ನನಗೆ ಗೊತ್ತಿದೆ. ಸೆರಗನ್ನು ಬಾಯಿಗೆ ತುರುಕಿಕೊಂಡಳು, ತಲೆ ತಗ್ಗಿಸಿದಳು, ಹೆಗಲು ಅಲುಗಿದವು, ಮೂಗಿನಿಂದ ಹೊರಗೆ ಬಂದೇ ಬಿಟ್ಟಿತು. ಕನಕಮ್ಮ ಅವಳನ್ನು ನೋಡಿದಳು, ಅವಳಿಗೂ ಬಂತು. ಸತ್ತ ಕೂಸಿನ ಸುತ್ತ ಕೂತ ಹೆಂಗಸರು ಒಬ್ಬರ ಬೆನ್ನಲ್ಲಿ ಒಬ್ಬರು ಮುಖ ಮುಚ್ಚಿಕೊಂಡು ನಕ್ಕರು. ಹೊರಗೆ ನಿಂತ ಗಂಡಸರಿಗೆ ಅದು ಅಳುವಿನ ಹಾಗೆ ಕೇಳಿಸಿತಂತೆ.

ವಿರೂಪಾಕ್ಷಮ್ಮ ಎದ್ದು ಬಂದು ಸೊಸೆಯ ಕೆನ್ನೆಗೆ ಬಾರಿಸಿದಳು. "ಹೆತ್ತ ಕೂಸಿನ ಹೆಣದ ಮುಂದ ನನ್ನ ಅಣಕಸ್ತಿಯೇನ ರಂಡೆ!"

ಶೇಖರಮ್ಮ ಬಾಯಿ ಮುಚ್ಚಿದಳು. ಆಮೇಲೆ ಎಷ್ಟು ಹೊತ್ತಾದರೂ ಅಳಲಿಲ್ಲ. ಅದಕ್ಕೂ ಮಾತು ಬಂತು, ಕಣ್ಣಲ್ಲಿ ಹನಿ ನೀರಿಲ್ಲದ ಇವಳು ಎಂಥ ತಾಯಿ ಎಂದು. ಈಶಪ್ಪ ಬಂದು ಕೂಸನ್ನು ಎತ್ತಿಕೊಂಡಾಗ ಮಾತ್ರ ಅವಳ ಕತ್ತು ಮುಂದೆ ಚಾಚಿತು, ಎದೆಯ ಗುಂಡಿ ಒಳಗೆ ಹೋಯಿತು. ಮಾತಿಲ್ಲ, ಧಾಟಿಯಿಲ್ಲ. ಕರಕರ ಎಂದು ಒಂದು ಒಣ ಉಸಿರು, ತುದಿಯಲ್ಲಿ ಸಣ್ಣ ಸಿಳ್ಳು. ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದ ಈಶಪ್ಪ ತಿರುಗಿ ಅವಳನ್ನು ನೋಡಿ, ಒಂದು ಗಳಿಗೆ ನಿಂತು ಹೋದ.

ಹೋಳಿ ಬಂತು. "ಕೂಸು ಹೋತಂತ ಊರ ಹಬ್ಬ ನಿಲ್ಲಸಾಕ ಆಕ್ಕೈತೇನು?" ಎಂದ ದೊಡ್ಡಬಸಪ್ಪ. ಈಶಪ್ಪ ಸೀರೆ ಉಟ್ಟ, ದೇವೇಂದ್ರಪ್ಪನೇ ಹೆಣವಾದ. ಶೇಖರಮ್ಮನನ್ನೂ ಕರೆದುಕೊಂಡು ಹೆಂಗಸರು ಮಾಳಿಗೆ ಹತ್ತಿದರು. ಈಶಪ್ಪ ಹಳೆಯ ಅಳುಗಳನ್ನೆಲ್ಲ ಅತ್ತು ಮುಗಿಸಿ, ಹಲಗೆ ನಿಲ್ಲಿಸಿ, ಚಟ್ಟದ ಮುಂದೆ ಕತ್ತು ಚಾಚಿ ಕೂತ. ಆಮೇಲೆ ಕರಕರ ಎಂದು ಒಣ ಉಸಿರು ಎಳೆದು, ತುದಿಯಲ್ಲಿ ಸಿಳ್ಳು ಹಾಕಿ, ಕಣ್ಣು ಮೇಲೆ ಮಾಡಿದ.

ಊರು ನಕ್ಕಿತು. ಅಂಥ ನಗೆ ಆ ಓಣಿ ಹಿಂದೆ ಕೇಳಿರಲಿಲ್ಲ. ಮುದುಕರು ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡರು. ಅತ್ತಿಗೆಯ ಅಳುವಿನಿಂದ ಒಂದು ಹೊಸ ತಮಾಷೆ ಸಿಕ್ಕಿತೆಂದು ಈಶಪ್ಪ ತಿಳಿದಿದ್ದ, ಅವತ್ತು ಪಡಸಾಲೆಯಲ್ಲಿ ಕಂಡದ್ದನ್ನೂ ಬರೀ ಸೋಗೆಂದೇ ನಂಬಿದ್ದ ಅವನಿಗೆ ಅದು ಯಾರ ಉಸಿರು ಎಂದು ಗೊತ್ತಿರಲಿಲ್ಲ. ಗೊತ್ತಿದ್ದವಳು ಮಾಳಿಗೆಯ ಅಂಚಿಗೆ ಬಂದು ಬಗ್ಗಿ ನಿಂತಿದ್ದಳು. ಪಂಪಿಯ ಉಸಿರು. ಅದೇ ಕರಕರ, ಅದೇ ಸಿಳ್ಳು, ಆಮೇಲೆ ಅದೇ ತಡೆ. ಜನ ಸುಮ್ಮನಿದ್ದರೆ ಇನ್ನೊಮ್ಮೆ ಕೇಳಿಸೀತು ಎಂದು ಅವಳು ಕೈ ಕಿವಿಯ ಹಿಂದೆ ಇಟ್ಟುಕೊಂಡಳು. ಅವಳ ಮೈ ನಡುಗುತ್ತಿತ್ತು, ಬಾಯಿ ತೆರೆದಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ನೋಡ್ರಿ ನೋಡ್ರಿ, ಶೇಖರಮ್ಮ ಹೆಂಗ ನಗಾಕತ್ಯಾಳ!" ಎಂದಳು ಕನಕಮ್ಮ. "ಮಣ್ಣು ಇನ್ನೂ ಒಣಗಿಲ್ಲ, ನಾಚಿಕಿ ಇಲ್ಲದಾಕಿ."

ಬೀಸುವ ಕಲ್ಲಿನ ಮುಂದೆ ಒಬ್ಬಳೇ ಇದ್ದಾಗ ಶೇಖರಮ್ಮ ಅದನ್ನು ತಾನೇ ಮಾಡಿ ನೋಡಿದಳು. ಬರಲಿಲ್ಲ. ಕತ್ತು ಚಾಚಿದರೆ ಬರೀ ಗಾಳಿ ಬಂತು. ಅದೊಂದೇ ಅಲ್ಲ, ಯಾರದೂ ಬರಲಿಲ್ಲ. ಮೈಯೊಳಗೆ ಬಂದು ಕೂತವರೆಲ್ಲ ಎದ್ದು ಹೋಗಿದ್ದರು. ಹೆಣದ ಮುಂದೆ ನಕ್ಕ ನಾಚಿಕೆಗೆ ಇಮಾಮಬೀಯೂ ಆ ಓಣಿಗೆ ಬಳೆ ತರುವುದನ್ನು ಬಿಟ್ಟಿದ್ದಳು.

ಈಶಪ್ಪನ ಒಣ ಅಳು ಹೆಸರಾಯಿತು. ಹೋಳಿಗೆ ಅವನನ್ನು ಕರೆಯಲು ಯಲಬುರ್ಗಿಯಿಂದ ಬಂದರು, ಕುಷ್ಟಗಿಯಿಂದ ಬಂದರು. ಅವನು ಊರ ಹೋಳಿ ಮುಗಿಸಿಯೇ ಹೋಗುತ್ತಿದ್ದ. ವರ್ಷಕ್ಕೊಮ್ಮೆ ಶೇಖರಮ್ಮ ಎಲ್ಲರಿಗಿಂತ ಮೊದಲು ಮಾಳಿಗೆ ಹತ್ತಿ, ಅಂಚಿನ ಜಾಗ ಹಿಡಿದು ಕೂರುತ್ತಿದ್ದಳು. ಮಗಳ ಮುಖ ಅವಳಿಗೆ ಮಸುಕಾಗುತ್ತ ಬಂದಿತ್ತು, ಆ ಉಸಿರು ಮಾತ್ರ ವರ್ಷಕ್ಕೊಮ್ಮೆ ಇದ್ದ ಹಾಗೆಯೇ ಬರುತ್ತಿತ್ತು. ನಗಲು ಹಾತೊರೆಯುವ ಹೆಂಗಸು ಎಂದು ಊರು ಆಡಿಕೊಂಡಿತು, ಹಂಪಣ್ಣ ಒಂದೆರಡು ಸಲ ಹೊಡೆದೂ ನೋಡಿದ. ಹೋಳಿಯ ದಿನ ಅವಳನ್ನು ಕೆಳಗೆ ಕೂರಿಸಲು ಯಾರಿಂದಲೂ ಆಗಲಿಲ್ಲ.

ರಜಾಕಾರರ ಗದ್ದಲದ ವರ್ಷ ಅಳವಂಡಿಯಲ್ಲಿ ಹೋಳಿ ಆಡಲಿಲ್ಲ. ಆದರೂ ಅವಳು ಮಾಳಿಗೆ ಹತ್ತಿ, ಖಾಲಿ ಓಣಿ ನೋಡಿ ಇಳಿದು ಬಂದಳು. ಮರುವರ್ಷ ನಿಜಾಮನ ರಾಜ್ಯ ಹೋಗಿತ್ತು, ಊರಿಗೆ ಎಲ್ಲಿಲ್ಲದ ಹುರುಪು. ಈಶಪ್ಪ ಸೋಗು ಹಾಕಿ, ಬಂದೂಕು ಕಳೆದುಕೊಂಡ ರಜಾಕಾರನಾಗಿ ಅತ್ತ, ಓಡಿ ಹೋದ ರಜಾಕಾರನ ಬೀಬಿಯಾಗಿ ಅತ್ತ. ಊರು ನಕ್ಕು ನಕ್ಕು ದಣಿಯಿತು. ಹಲಗೆ ಮುಂದಿನ ಓಣಿಗೆ ಹೋಯಿತು. ಅವಳು ಕಾಯುತ್ತ ಕೂತೇ ಇದ್ದಳು.

ಸಂಜೆ ಹಿತ್ತಿಲಲ್ಲಿ ಬಣ್ಣ ತೊಳೆದುಕೊಳ್ಳುತ್ತಿದ್ದ ಈಶಪ್ಪನಿಗೆ ಅವಳು ಬಿಸಿನೀರು ತಂದು ಇಟ್ಟಳು. ಇಟ್ಟವಳು ಹೋಗದೆ ನಿಂತಳು. ಅವಳಾಗಿಯೇ ಅವನನ್ನು ಮಾತಾಡಿಸಿ ಎಷ್ಟೋ ವರ್ಷವಾಗಿತ್ತು.

"ಈಶಪ್ಪಾ, ಈ ವರ್ಷ ಆ ಒಣ ಅಳು ಅಳಲಿಲ್ಲಲ್ಲಪಾ?"

ಅವನು ಮುಖಕ್ಕೆ ನೀರು ಎರಚಿಕೊಳ್ಳುತ್ತ, "ಅದು ಹಳೇದಾತ ಅತ್ತಿಗಿ. ಈಗ ಅದಕ್ಕ ಯಾರೂ ನಗೂದಿಲ್ಲ" ಎಂದ.

"ಒಮ್ಮೆ ಮಾಡಪಾ. ಇಲ್ಲೇ, ನನ್ನ ಮುಂದ."

ಈಶಪ್ಪ ನಕ್ಕ. ಅತ್ತಿಗೆಗೆ ಹಳೆಯ ಹುರುಪು ಬಂದಿದೆ ಎಂದುಕೊಂಡು ಅವಳ ಖುಷಿಗೆಂದೇ ಕತ್ತು ಚಾಚಿ ಉಸಿರು ಎಳೆದ. ವರ್ಷ ಬಿಟ್ಟಿದ್ದಕ್ಕೋ, ಇಡೀ ದಿನ ಕೂಗಿ ದನಿ ಒಡೆದಿದ್ದಕ್ಕೋ, ಕರಕರ ಬಂತು, ಸಿಳ್ಳು ಬರಲಿಲ್ಲ. ಇನ್ನೊಮ್ಮೆ ಎಳೆದ. ಯಾವನೋ ಮುದುಕ ಗೊರಕೆ ಹೊಡೆದ ಹಾಗಿತ್ತು.

"ಮರತೇ ಹೋಗೇತಿ ನೋಡು" ಎಂದು ಅವನು ತಂಬಿಗೆ ನೀರು ತಲೆಗೆ ಸುರಿದುಕೊಂಡ. ಶೇಖರಮ್ಮ ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದಳು. ಮುಂದಿನ ಹೋಳಿಗೆ ಅವಳು ಮಾಳಿಗೆ ಹತ್ತಲಿಲ್ಲ. ಕಡೆಗೂ ಈಕೆಗೆ ಬುದ್ಧಿ ಬಂತು ಎಂದು ಅಳವಂಡಿಯವರು ಮೆಚ್ಚಿದರು.